ಕೋಟ್ಟೂರುಪುರದ ಧ್ವನಿಪೆಟ್ಟಿಗೆ

ಮೈಸೂರಿನಿಂದ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತಿಗೆ ಚೆನ್ನೈ ಸೆಂಟ್ರಲ್ ಮುಟ್ಟುತ್ತದೆ. ಇಳಿದವರನ್ನು ಮೊದಲು ಎದುರುಗೊಳ್ಳುವುದು ಊರಲ್ಲ, ಸದ್ದು. ಕೂಲಿಗಳ ಕೂಗು, ತಳ್ಳುಗಾಡಿಗಳ ಗಡಗಡ, ಕಾಫಿ ಮಾರುವವರ ರಾಗ, ಹೊರಗೆ ಬಂದರೆ ಆಟೋದವರ ಕರೆ. ನಮ್ಮ ನಿಮ್ಮಂಥವರ ಕಿವಿ ಇವುಗಳಲ್ಲಿ ಬೇಕಾದದ್ದನ್ನು ಆರಿಸಿಕೊಂಡು ಉಳಿದದ್ದನ್ನು ಹಿಂದಕ್ಕೆ ತಳ್ಳುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಈ ಆರಿಸುವ ಕೆಲಸ ಸುಲಭವಲ್ಲ. ಎಲ್ಲ ಸದ್ದೂ ಒಂದೇ ಎತ್ತರದಲ್ಲಿ, ಒಂದೇ ಸಲಕ್ಕೆ ಒಳಗೆ ನುಗ್ಗುತ್ತದೆ. ಪ್ಲಾಟ್‌ಫಾರಂ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತ ಹುಡುಗನನ್ನು ಕಂಡು ‘ಎಂಥ ಹಟ’ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು.

ಚೆನ್ನೈಗೆ ಬಂದವರು ಮರೀನಾ, ಮೈಲಾಪುರದ ಗುಡಿ, ಟಿ. ನಗರದ ಸೀರೆ ಅಂಗಡಿ ನೋಡಿಕೊಂಡು ಹಿಂತಿರುಗುವುದು ವಾಡಿಕೆ. ಊರಿನ ದಕ್ಷಿಣಕ್ಕಿರುವ ಕೋಟ್ಟೂರುಪುರಂ ಎಂಬ ಬಡಾವಣೆಗೆ ಪ್ರವಾಸಿಗರು ಹೋಗುವುದು ಕಡಿಮೆ. ಹೋಗುವ ದಾರಿ ಮಾತ್ರ ಸೊಗಸಾಗಿದೆ. ಎತ್ತರದ ಕಂಬಗಳ ಮೇಲೆ ಓಡುವ ಎಂಆರ್‌ಟಿಎಸ್ ರೈಲು 1995ರಲ್ಲಿ ಬೀಚ್ ನಿಲ್ದಾಣದಿಂದ ಚೆಪಾಕ್‌ವರೆಗೆ ಆರಂಭವಾಗಿ, ತೆವಳುತ್ತ ತೆವಳುತ್ತ 2007ರಲ್ಲಿ ವೇಳಚೇರಿ ಮುಟ್ಟಿತು. ಬಹುದೂರ ಅದು ಬ್ರಿಟಿಷರ ಕಾಲದ ಬಕಿಂಗ್‌ಹ್ಯಾಂ ಕಾಲುವೆಯ ಬೆನ್ನ ಮೇಲೆಯೇ ಸಾಗುತ್ತದೆ. ಕಾಲುವೆಯ ವಾಸನೆಯೂ ಜೊತೆಗೇ ಸಾಗುತ್ತದೆ. ನಿಲ್ದಾಣಗಳು ಅಗತ್ಯಕ್ಕಿಂತ ವಿಶಾಲ, ಬಹುಮಟ್ಟಿಗೆ ಖಾಲಿ. ಇದನ್ನು ಯೋಜನೆಯ ದೋಷವೆಂದು ಪತ್ರಿಕೆಗಳು ಟೀಕಿಸಿದ್ದುಂಟು. ಸೆಂಟ್ರಲ್‌ನ ಗದ್ದಲದಿಂದ ಕಿವಿ ಮುಚ್ಚಿಕೊಂಡು ಬಂದ ಆ ಹುಡುಗನಿಗೆ ಮಾತ್ರ ಈ ದೋಷ ವರವಾಗಬಹುದು.

ಗ್ರೀನ್‌ವೇಸ್ ರೋಡ್ ದಾಟಿದ ಕೂಡಲೇ ರೈಲು ಅಡ್ಯಾರ್ ನದಿಯನ್ನು ದಾಟುತ್ತದೆ. ಆಚೆ ದಡವೇ ಕೋಟ್ಟೂರುಪುರಂ. ವಿದ್ಯಾರ್ಥಿಗಳು ನೋಡಲೇಬೇಕಾದ ಎರಡು ಸ್ಥಳಗಳು ಇಲ್ಲಿವೆ: 1988ರಲ್ಲಿ ತೆರೆದ ಬಿರ್ಲಾ ತಾರಾಲಯ, ಮತ್ತು 2010ರ ಸೆಪ್ಟೆಂಬರಿನಲ್ಲಿ ತೆರೆದ ಒಂಬತ್ತು ಅಂತಸ್ತಿನ ಅಣ್ಣಾ ಶತಮಾನೋತ್ಸವ ಗ್ರಂಥಾಲಯ. ಸಮೀಪದಲ್ಲೇ 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಸ್ಥಾಪಿತವಾದ ಐಐಟಿ ಮದ್ರಾಸ್. ಅದರ ಕಾಡಿನಲ್ಲಿ ಜಿಂಕೆ, ಕೃಷ್ಣಮೃಗಗಳು ಇಂದಿಗೂ ಓಡಾಡುತ್ತವೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಇದೇ ಕೋಟ್ಟೂರುಪುರದ ಮನೆಗಳಿಗೆ ನುಗ್ಗಿದ್ದು ಓದುಗರಿಗೆ ನೆನಪಿರಬಹುದು.

ಈ ಬಡಾವಣೆಯಲ್ಲಿ ವಿದ್ಯಾಸಾಗರ ಎಂಬ ಸಂಸ್ಥೆಯಿದೆ. ತೀವ್ರ ಅಂಗವೈಕಲ್ಯವಿದ್ದ ಮಗನ ತಾಯಿಯಾಗಿದ್ದ ಪೂನಂ ನಟರಾಜನ್ ಅದನ್ನು 1985ರಲ್ಲಿ ಆರಂಭಿಸಿದರು. ಆಗ ಅದರ ಹೆಸರು ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯ, ಮದ್ರಾಸ್. ವಿದ್ಯಾಸಾಗರ ಎಂಬ ಹೆಸರು ಅನಂತರ ಬಂದದ್ದು. ಮಿದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ತೆರೆದ ಬಾಗಿಲಿನಿಂದ ಆಟಿಸಂ ಇರುವ ಮಕ್ಕಳೂ ಒಳಬಂದರು. ಇಬ್ಬರ ತೊಂದರೆ ಬೇರೆ ಬೇರೆ. ಒಬ್ಬನಿಗೆ ನಾಲಗೆ, ತುಟಿ, ಕೈಗಳ ಸ್ನಾಯು ಮಾತು ಕೇಳುವುದಿಲ್ಲ. ಇನ್ನೊಬ್ಬನಿಗೆ ಸ್ನಾಯುಗಳೆಲ್ಲ ಸರಿಯಿದ್ದಂತೆ ಕಂಡರೂ ಮಾತಿನ ವ್ಯವಹಾರವೇ ಬೇರೆ ದಾರಿ ಹಿಡಿದಿದೆ. ಆದರೆ ಇಬ್ಬರ ಮನೆಯಲ್ಲೂ ಪ್ರಶ್ನೆ ಒಂದೇ: ಇವನಿಗೆ ಹೇಳಬೇಕಾದದ್ದು ಏನೋ ಇದೆ, ಅದು ಹೊರಗೆ ಬರುವುದು ಹೇಗೆ?

ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಎಂಬ ಪದ ಬಳಕೆಯಲ್ಲಿದೆ. ತನ್ನಲ್ಲೇ ಲೀನವಾಗಿರುವುದು ಎಂಬ ಅರ್ಥ ಕೊಡುವ ಈ ಪದ ಕೇಳಲು ಚೆನ್ನಾಗಿದ್ದರೂ ಪೂರ್ತಿ ನಿಜವಲ್ಲ. ಆ ಮಕ್ಕಳಲ್ಲಿ ಅನೇಕರು ಹೊರಗಿನ ಲೋಕವನ್ನು ನಮಗಿಂತ ಹೆಚ್ಚಾಗಿಯೇ ಗಮನಿಸುತ್ತಾರೆ. ಪ್ರಪಂಚದಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಂಕಿಗಳಿಂದ ಅಂದಾಜು ಮಾಡಿದೆ. ಅವರಲ್ಲಿ ಬಹುಮಂದಿ ಮಾತನಾಡುತ್ತಾರೆ. ಕೆಲವರು ಲೀಲಾಜಾಲವಾಗಿ ಮಾತನಾಡುತ್ತಾರೆ. ಸುಮಾರು ಕಾಲುಭಾಗ, ಅಥವಾ ಇನ್ನೂ ಸ್ವಲ್ಪ ಹೆಚ್ಚು ಮಂದಿಗೆ ಮಾತು ಬರುವುದೇ ಇಲ್ಲ, ಇಲ್ಲವೆ ಬೆರಳೆಣಿಕೆಯ ಪದಗಳಲ್ಲಿ ನಿಲ್ಲುತ್ತದೆ. ಮಾತು ಇಲ್ಲದಿರುವುದಕ್ಕೂ ಬುದ್ಧಿ ಇಲ್ಲದಿರುವುದಕ್ಕೂ ನೇರ ಸಂಬಂಧವಿಲ್ಲ ಎಂಬ ಸಾಮಾನ್ಯ ಸಂಗತಿಯನ್ನು ಒಪ್ಪಿಕೊಳ್ಳಲು ನಮ್ಮ ಶಾಲೆಗಳಿಗೆ ಬಹುಕಾಲ ಹಿಡಿಯಿತು. ಕಾನೂನಿಗೂ ಅಷ್ಟೇ. 1995ರ ಅಂಗವಿಕಲರ ಕಾಯಿದೆಯ ಏಳು ಬಗೆಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಅದು ಬಂತು. 2016ರ ಹಕ್ಕುಗಳ ಕಾಯಿದೆ ಬಗೆಗಳನ್ನು 21ಕ್ಕೆ ಏರಿಸಿದಾಗ ಆಟಿಸಂಗೂ ಅಲ್ಲಿ ಜಾಗ ಸಿಕ್ಕಿತು.

ಮಾತು ಬಾರದವರಿಗೆ ಮಾತಾಡುವ ಯಂತ್ರ ಹೊಸದೇನಲ್ಲ. ಸ್ಟೀಫನ್ ಹಾಕಿಂಗ್ ಅವರ ಕುರ್ಚಿಯ ಯಂತ್ರವನ್ನು ಯಾರು ತಾನೆ ಕೇಳಿಲ್ಲ? (ಹಾಕಿಂಗ್ ಅವರಿಗೆ ಇದ್ದದ್ದು ಆಟಿಸಂ ಅಲ್ಲ, ನರಗಳ ಬೇರೊಂದು ರೋಗ.) ಇಂಥ ಯಂತ್ರಗಳು ಅಮೆರಿಕದಲ್ಲಿ, ಯೂರೋಪಿನಲ್ಲಿ ಸಿಗುತ್ತಿದ್ದವು. ಬೆಲೆ ಹಲವು ಸಾವಿರ ಡಾಲರ್. ಅಲ್ಲಿ ವಿಮೆಯೋ ಶಾಲೆಯೋ ಅದನ್ನು ಭರಿಸುತ್ತದೆ. ಇಲ್ಲಿ ಒಬ್ಬ ಗುಮಾಸ್ತ ಅದನ್ನು ಕೊಳ್ಳಲು ಮನೆ ಮಾರಬೇಕಿತ್ತು; ಮಾರಿ ತಂದರೂ ಅದು ಆಡುತ್ತಿದ್ದದ್ದು ಅಮೆರಿಕದ ಇಂಗ್ಲಿಷನ್ನು! ಹಾಗಾಗಿ ಕೋಟ್ಟೂರುಪುರದಂಥ ಕಡೆ ಶಿಕ್ಷಕಿಯರು ರಟ್ಟಿನ ಮೇಲೆ ಚಿತ್ರ ಅಂಟಿಸಿ, ಮಗುವಿನ ಬೆರಳೋ ಕಣ್ಣೋ ಎತ್ತ ಹೋಗುತ್ತದೆಂದು ನೋಡಿ ಮಾತು ಓದುತ್ತಿದ್ದರು. ಇದರ ಮಿತಿ ಸ್ಪಷ್ಟ. ಓದುವವರು ಎದುರಿಗೆ ಇದ್ದರೆ ಮಾತ್ರ ಮಾತು. ಬೆನ್ನು ತಿರುಗಿಸಿದ ಅಮ್ಮನನ್ನು ರಟ್ಟಿನಿಂದ ಕರೆಯುವುದು ಸಾಧ್ಯವಿಲ್ಲ.

ಐಐಟಿ ಮದ್ರಾಸಿನ ಹಳೆಯ ವಿದ್ಯಾರ್ಥಿ ಅಜಿತ್ ನಾರಾಯಣನ್ ಅಮೆರಿಕದ ಕೆಲಸ ಬಿಟ್ಟು 2007ರಲ್ಲಿ ಚೆನ್ನೈಗೆ ಮರಳಿ ಇನ್‌ವೆನ್ಷನ್ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಕಟ್ಟಿದವರು. ವಿದ್ಯಾಸಾಗರದ ಶಿಕ್ಷಕಿಯರು, ಮಕ್ಕಳು, ತಾಯ್ತಂದೆಯರ ಒಡನಾಟದಲ್ಲಿ ಈ ಕಂಪನಿ ರೂಪಿಸಿದ ಯಂತ್ರ 2010ರಲ್ಲಿ ಹೊರಬಂತು. ಪಕ್ಕದ ಗ್ರಂಥಾಲಯ ತೆರೆದದ್ದೂ ಅದೇ ವರ್ಷ. ಹೆಸರು ‘ಆವಾಜ್’, ಹಿಂದಿಯಲ್ಲಿ ದನಿ ಎಂದರ್ಥ. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಗಂಟಲಿನೊಳಗಿನ ಅಂಗಕ್ಕೆ ಧ್ವನಿಪೆಟ್ಟಿಗೆ ಎನ್ನುತ್ತಾರಲ್ಲ, ಇದು ಕೈಯಲ್ಲಿ ಹಿಡಿಯುವ ಧ್ವನಿಪೆಟ್ಟಿಗೆ. ಪರದೆಯ ಮೇಲೆ ಚಿತ್ರಗಳು. ಮುಟ್ಟಿದರೆ ಪದ ಕೇಳಿಸುತ್ತದೆ. ಪದಗಳನ್ನು ಜೋಡಿಸಿದರೆ ವಾಕ್ಯ. ಬೆರಳಿಟ್ಟು ಮುಟ್ಟಲಾಗದವರಿಗೆ ಚಿತ್ರಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ಬೇಕಾದದ್ದು ಬೆಳಗಿದಾಗ ತಲೆ ಅಲ್ಲಾಡಿಸಿಯೋ ಗುಂಡಿ ಒತ್ತಿಯೋ ಆರಿಸಿದರಾಯಿತು. ಬೆಲೆ ಹೊರದೇಶದ ಯಂತ್ರದ ಒಂದು ಸಣ್ಣ ಭಾಗ. 2011ರಲ್ಲಿ ಅಮೆರಿಕದ ಎಂಐಟಿಯ ಟೆಕ್ನಾಲಜಿ ರಿವ್ಯೂ ಪತ್ರಿಕೆ ಮೂವತ್ತೈದು ವರ್ಷದೊಳಗಿನ ಹೊಸ ಶೋಧಕರ ಪಟ್ಟಿಯಲ್ಲಿ ಅಜಿತ್ ಅವರನ್ನು ಸೇರಿಸಿತು.

ಅದೇ 2010ರಲ್ಲಿ ಅಮೆರಿಕದಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಿತ್ತು. ಇದರೊಂದಿಗೆ ಆಟವೇ ಬದಲಾಯಿತು ಎನ್ನಬೇಕು. ಪ್ರತ್ಯೇಕ ಪೆಟ್ಟಿಗೆ ಏಕೆ, ಎಲ್ಲರೂ ಕೊಳ್ಳುವ ತಟ್ಟೆಯಲ್ಲೇ ಒಂದು ಕಾರ್ಯಕ್ರಮ ಹಾಕಿಕೊಂಡರೆ ಸಾಲದೆ? ಆವಾಜ್ ಕೂಡ 2012ರ ಹೊತ್ತಿಗೆ ಪೆಟ್ಟಿಗೆಯ ರೂಪ ಬಿಟ್ಟು ಐಪ್ಯಾಡ್ ಹೊಕ್ಕಿತು; ಬಳಿಕ ಆಂಡ್ರಾಯ್ಡ್ ಫೋನು ಹೊಕ್ಕಿತು; ಭಾರತದ ಭಾಷೆಗಳನ್ನೂ ಕಲಿಯಿತು. ಮುಂಬೈ ಐಐಟಿಯ ವಿನ್ಯಾಸ ಶಾಲೆ ‘ಜೆಲೋ’ ಎಂಬ ಇಂಥದೇ ಸಾಧನವನ್ನು ಉಚಿತವಾಗಿ ಕೊಟ್ಟಿತು. ಅದರಲ್ಲಿ ಬರ್ಗರ್ ಬದಲು ನಮ್ಮ ಅಡುಗೆಮನೆಯ ಚಿತ್ರಗಳಿವೆ. 2016ರ ನಂತರ ಇಂಟರ್‌ನೆಟ್ ಅಗ್ಗವಾಗಿ ಹಳ್ಳಿಯ ಮನೆಗೂ ಪರದೆಯ ಫೋನು ಬಂದದ್ದನ್ನು ಎಲ್ಲರೂ ಕಂಡಿದ್ದೇವೆ. ಅಂತೂ ಹದಿನೈದು ವರ್ಷಗಳಲ್ಲಿ ಲಕ್ಷಗಟ್ಟಲೆ ರೂಪಾಯಿಯ ಧ್ವನಿಪೆಟ್ಟಿಗೆ ಎಲ್ಲರ ಜೇಬಿಗೂ ಇಳಿಯಿತು. ಸಮಸ್ಯೆ ಮುಗಿಯಿತೆಂದು ಇಲ್ಲಿಗೇ ಲೇಖನ ನಿಲ್ಲಿಸಬಹುದಿತ್ತು.

ಮುಗಿಯಲಿಲ್ಲ. ಏಕೆಂದು ತಿಳಿಯಲು ಮೊದಲು ಆ ಪರದೆಯನ್ನೇ ನೋಡೋಣ. ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಫೋನಿನ ಪರದೆಯನ್ನು ಒಣ ಮರದ ಪೆನ್ಸಿಲಿನ ಹಿಂಬದಿಯಿಂದ ಮುಟ್ಟಿದರೆ ಏನೂ ಆಗದು. ಬೆರಳಿನಿಂದ ಮುಟ್ಟಿದರೆ ತೆರೆಯುತ್ತದೆ. ಪರದೆಯ ಗಾಜಿನಡಿ ಕಣ್ಣಿಗೆ ಕಾಣದ ವಿದ್ಯುದ್ವಾಹಕ ಪದರವಿದೆ. ನಮ್ಮ ಮೈಯೂ ವಿದ್ಯುದ್ವಾಹಕವಾದ್ದರಿಂದ ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಕತೆ ಬದಲಾಗುತ್ತದೆ. ಯಂತ್ರ ಅದನ್ನು ಗುರುತಿಸುತ್ತದೆ. ಈಗ ಪರದೆಯ ಮೇಲೆ ಒಂದೆರಡು ಹನಿ ನೀರು ಹಾಕಿ ಒರೆಸದೆ ಮುಟ್ಟಿ ನೋಡಿ. ಯಂತ್ರಕ್ಕೆ ಗೊಂದಲ! ಬೆವರಿದ ಕೈ, ಜೊಲ್ಲು ತಾಗಿದ ಬೆರಳು, ಒಟ್ಟಿಗೇ ಊರಿದ ಅಂಗೈ—ಇವೆಲ್ಲ ಚೆನ್ನೈಯ ಮೇ ತಿಂಗಳಲ್ಲಿ ಮಾತನ್ನು ತಪ್ಪಿಸುತ್ತವೆ. ಐದಾರು ಅಂಗುಲದ ಅಗ್ಗದ ಫೋನಿನಲ್ಲಿ ಇಪ್ಪತ್ತು ಚಿತ್ರ ತುಂಬಿದರೆ ಒಂದೊಂದೂ ಹುಣಸೆಬೀಜದಷ್ಟು. ‘ನೀರು’ ಒತ್ತಲು ಹೋಗಿ ‘ನಿದ್ದೆ’ ಒತ್ತಿದ ಮಗುವನ್ನು ಮಲಗಿಸಲು ಹೊರಟರೆ ಅದು ಅಳದೆ ಏನು ಮಾಡೀತು?

ಇನ್ನೊಂದು ತೊಡಕು ವ್ಯಾಕರಣದ್ದು. ವ್ಯಾಕರಣವೆಂದರೆ ಮೂಗು ಮುರಿಯುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ನಾಯಿ, ಹುಡುಗ, ಕಚ್ಚು ಎಂಬ ಮೂರು ಚಿತ್ರಗಳನ್ನು ಮಗು ಒತ್ತಿತು ಎನ್ನೋಣ. ಯಾರು ಯಾರನ್ನು ಕಚ್ಚಿದರು? ಇಂಗ್ಲಿಷಿನಲ್ಲಿ ಪದಗಳ ಸರದಿಯಿಂದ ಅರ್ಥ ತಿಳಿಯುತ್ತದೆ. ಕನ್ನಡದಲ್ಲಿ ಸರದಿ ಅಷ್ಟು ಮುಖ್ಯವಲ್ಲ. ‘ಹುಡುಗನನ್ನು ನಾಯಿ ಕಚ್ಚಿತು’ ಎಂದರೂ ‘ನಾಯಿ ಹುಡುಗನನ್ನು ಕಚ್ಚಿತು’ ಎಂದರೂ ಒಂದೇ. ಕೆಲಸವೆಲ್ಲ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯದ್ದು. ‘ಅನ್ನು’ವಿಗೆ ಏನು ಚಿತ್ರ ಬರೆಯುವುದು? ‘ಇಂದ’ಕ್ಕೆ? ‘ಹೋಗುತ್ತೇನೆ’ಗೂ ‘ಹೋಗುವುದಿಲ್ಲ’ಕ್ಕೂ ಇರುವ ಅಂತರಕ್ಕೆ? ಇಂಗ್ಲಿಷಿಗಾಗಿ ಮಾಡಿದ ಚಿತ್ರಫಲಕಕ್ಕೆ ಕನ್ನಡ ಪದ ಅಂಟಿಸಿದ ಮಾತ್ರಕ್ಕೆ ಕನ್ನಡ ಆಗದು ಎಂಬುದು ಇದರಿಂದ ತಿಳಿಯುತ್ತದೆ.

ಅಜಿತ್ ನಾರಾಯಣನ್ 2013ರಲ್ಲಿ ಟೆಡ್ ವೇದಿಕೆಯಲ್ಲಿ ವಿವರಿಸಿದ ‘ಫ್ರೀಸ್ಪೀಚ್’ ಎಂಬ ವಿಧಾನ ಈ ತೊಡಕಿನ ಬಾಲ ಹಿಡಿದೇ ಹೊರಟದ್ದು. ಪದಗಳನ್ನು ಸಾಲಾಗಿ ನಿಲ್ಲಿಸುವ ಬದಲು ಕ್ರಿಯಾಪದವನ್ನು ನಡುವೆ ಇಟ್ಟು ಅದಕ್ಕೆ ಪ್ರಶ್ನೆಗಳನ್ನು ಕೇಳುವುದು: ಯಾರು? ಏನನ್ನು? ಯಾವಾಗ? ಪ್ರತಿ ಪ್ರಶ್ನೆಯ ಕೊನೆಗೆ ಒಂದು ಚಿತ್ರ. ಹೀಗೆ ಆದ ಅರ್ಥದ ಬಲೆಯಿಂದ ಯಂತ್ರವೇ ಬೇಕಾದ ಭಾಷೆಯ ವ್ಯಾಕರಣಕ್ಕೆ ಒಪ್ಪುವ ವಾಕ್ಯ ಹೊಸೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಹೊಸದೆನಿಸದು. ಕರ್ತೃ, ಕರ್ಮ, ಕ್ರಿಯಾಪದ ಗುರುತಿಸಲು ‘ಯಾರು? ಯಾರನ್ನು? ಏನು ಮಾಡಿದ?’ ಎಂದು ಕೇಳಿ ಎಂದೇ ಅಲ್ಲವೆ ಪಂಡಿತರು ಹೇಳಿಕೊಡುತ್ತಿದ್ದದ್ದು? ಆಟಿಸಂ ಇರುವ ಅನೇಕ ಮಕ್ಕಳಿಗೆ ಕಾಣದ, ಹಿಡಿಯಲಾಗದ ಪದಗಳು ಕಷ್ಟ. ಪ್ರಶ್ನೆಯ ಉತ್ತರವಾಗಿ ಬರುವ ಚಿತ್ರ ಅಷ್ಟು ಕಷ್ಟವಲ್ಲ.

ದನಿಯ ವಿಷಯ ಮತ್ತೊಂದು. ಬರಹವನ್ನು ಯಂತ್ರ ಓದಬೇಕಾದರೆ ಆ ಭಾಷೆಯ ನುರಿತ ಓದುಗರ ದನಿಯನ್ನು ಗಂಟೆಗಟ್ಟಲೆ ಮುದ್ರಿಸಿ, ಅದನ್ನು ತುಣುಕು ಮಾಡಿ, ಮತ್ತೆ ಹೊಲಿಯಬೇಕು. ಇಂಗ್ಲಿಷಿಗೆ ಹೇಮ ಹೊಂದುವ ತುಣುಕಿನ ಅಳತೆ ನಮ್ಮ ಭಾಷೆಗಳಿಗೆ ಹೊಂದುವುದಿಲ್ಲ. ಐಐಟಿ ಮದ್ರಾಸಿನ ಪ್ರಾಧ್ಯಾಪಕಿ ಹೇಮಾ ಮೂರ್ತಿ ಅವರ ತಂಡ, ಇತರ ಸಂಸ್ಥೆಗಳ ಜೊತೆ ಸೇರಿ, ನಮ್ಮ ಅಕ್ಷರವನ್ನೇ ತುಣುಕಾಗಿ ಹಿಡಿದು ಭಾರತದ ಹಲವು ಭಾಷೆಗಳಿಗೆ ಓದುವ ದನಿ ಕಟ್ಟಿತು. ಈಗ ಕೃತಕ ನರಜಾಲದ ವಿಧಾನ ಬಂದು ದನಿ ಇನ್ನಷ್ಟು ಸಹಜವಾಗಿದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದುವ ದನಿ ಸಿಗುತ್ತದೆ. ಆದರೆ ಆ ಕನ್ನಡ ವಾರ್ತೆ ಓದುವವರ ಕನ್ನಡ. ಧಾರವಾಡದ ಮನೆಯಲ್ಲಿ, ಕುಂದಾಪುರದ ಮನೆಯಲ್ಲಿ ಅಂಥ ಮಾತು ಯಾರೂ ಆಡುವುದಿಲ್ಲ. ಅಜ್ಜನಿಗೆ ‘ಬಾ’ ಎಂದು ಯಂತ್ರ ಏಕವಚನದಲ್ಲಿ ಕರೆದರೆ ಅಜ್ಜ ನಕ್ಕಾರು, ಪಕ್ಕದ ಮನೆಯವರು ನಗಲಾರರು. ಮನೆಮಾತು ತುಳುವೋ ಕೊಡವವೋ ಆದರೆ ಫೋನಿನೊಳಗಿನ ಸಿದ್ಧ ದನಿಯೂ ಇಲ್ಲ. ಅಂಥಲ್ಲಿ ಅಣ್ಣನೋ ಅಕ್ಕನೋ ತಮ್ಮ ದನಿಯಲ್ಲೇ ಒಂದೊಂದು ಪದವನ್ನೂ ಮುದ್ರಿಸಿಕೊಡಬಹುದು. ಅದಕ್ಕೆ ಅವಕಾಶವಿರುವ ಸಾಧನಗಳುಂಟು. ಮನೆಯ ಇತರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಜಾದಿನದ ಕೆಲಸ ಬೇರೆ ಸಿಕ್ಕದು.

ತಿರುವಾನ್ಮಿಯೂರಿನಿಂದ ದಕ್ಷಿಣಕ್ಕೆ ಪೂರ್ವ ಕರಾವಳಿ ರಸ್ತೆ ಹಿಡಿದರೆ ಎಡಗಡೆ ಸಮುದ್ರ ಆಗಾಗ ಇಣುಕುತ್ತದೆ. ಮುಟ್ಟುಕಾಡಿನಲ್ಲಿ ಹಿನ್ನೀರು, ದೋಣಿಮನೆ, ಹಳೆಯ ಮನೆಗಳನ್ನು ಕಾಪಾಡಿಟ್ಟಿರುವ ದಕ್ಷಿಣಚಿತ್ರ. ಅದೇ ಮುಟ್ಟುಕಾಡಿನಲ್ಲಿ 2005ರಲ್ಲಿ ಸ್ಥಾಪಿತವಾದ, ಬಹುವಿಧ ಅಂಗವೈಕಲ್ಯವಿರುವವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆಯೂ ಇದೆ. ಮಹಾಬಲಿಪುರಕ್ಕೆ ಹೋಗುವ ಶಾಲಾ ಪ್ರವಾಸದ ಬಸ್ಸುಗಳು ಅದರ ಮುಂದೆಯೇ ಹಾಯುತ್ತವೆ, ನಿಲ್ಲುವುದು ಅಪರೂಪ. ಇಂಥ ಕೇಂದ್ರಗಳಿಗೆ ದೂರದ ಊರುಗಳಿಂದ ಬಸ್ಸು ಬದಲಿಸಿ ಮಕ್ಕಳನ್ನು ಕರೆತರುವವರು ಹೆಚ್ಚಾಗಿ ತಾಯಂದಿರು. ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ ಹೋದಂತೆ.

ಬಡತನ ಹಿಡಿಯುವುದು ಎಲ್ಲಿ ಎಂಬುದು ಇಂಥ ಕಡೆ ಕಾಣುತ್ತದೆ. ಸಾಧನ ಉಚಿತ, ಫೋನು ಮನೆಯಲ್ಲಿದೆ. ಆದರೆ ಇರುವುದು ಒಂದೇ ಫೋನು, ಅದು ಅಪ್ಪನದು. ಬೆಳಿಗ್ಗೆ ಎಂಟಕ್ಕೆ ಅಪ್ಪ ಕೆಲಸಕ್ಕೆ ಹೊರಟಾಗ ಮಗುವಿನ ಮಾತೂ ಅವನ ಜೇಬಿನಲ್ಲಿ ಹೊರಟುಹೋಗುತ್ತದೆ. ರಾತ್ರಿ ಎಂಟಕ್ಕೆ, ಅರ್ಧ ಚಾರ್ಜು ಉಳಿದು, ಹಿಂತಿರುಗುತ್ತದೆ. ಹನ್ನೆರಡು ಗಂಟೆ ಹೊಟ್ಟೆನೋವನ್ನು ಹೇಳಲಾಗದ ಮಗು ತಲೆಯನ್ನು ಗೋಡೆಗೆ ಚಚ್ಚಿಕೊಂಡರೆ ಅದಕ್ಕೆ ‘ವರ್ತನೆಯ ಸಮಸ್ಯೆ’ ಎಂದು ಹೆಸರು. ಮಾತನ್ನು ಪಾಳಿಯಲ್ಲಿ ಹಂಚಿಕೊಳ್ಳಿ ಎಂದು ಯಾವ ಮನೆಯಲ್ಲೂ ಮಾತು ಬರುವ ಮಕ್ಕಳಿಗೆ ಹೇಳುವುದಿಲ್ಲವಷ್ಟೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಾಗಿ ಹೊರತಂದ ವರದಿಯ ಪ್ರಕಾರ ಕನ್ನಡಕ, ಗಾಲಿಕುರ್ಚಿಯಿಂದ ಹಿಡಿದು ಮಾತಿನ ಸಾಧನದವರೆಗೆ ಒಂದಲ್ಲ ಒಂದು ನೆರವಿನ ಸಾಧನ ಬೇಕಾದವರು ಪ್ರಪಂಚದಲ್ಲಿ 250 ಕೋಟಿಗೂ ಹೆಚ್ಚು. ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಕ್ಕಿಲ್ಲ. ಕೆಲವು ಬಡ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ ಮೂರೇ ಮಂದಿಗೆ ಸಿಕ್ಕಿದೆ. ನಮ್ಮಲ್ಲಿ ಸಾಧನಗಳನ್ನು ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದಲೇ ಇದೆ. ಗಾಲಿಕುರ್ಚಿ ಏಕೆ ಬೇಕೆಂದು ಯಾವ ಅಧಿಕಾರಿಗೂ ವಿವರಿಸಬೇಕಿಲ್ಲ. ಮಗುವಿಗೆ ಟ್ಯಾಬ್ಲೆಟ್ ಬೇಕೆಂದರೆ ಮಾತ್ರ ಹುಬ್ಬು ಮೇಲೇರುತ್ತದೆ: ‘ಆಟ ಆಡೋಕಾ?’

ಈ ಪ್ರಶ್ನೆ ಮನೆಯೊಳಗೂ ಇದೆ. ಮೊಬೈಲಿಗೆ ಅಂಟಿಕೊಂಡ ಮಕ್ಕಳನ್ನು ಬಿಡಿಸುವ ಚಿಂತೆಯಲ್ಲಿರುವ ಅಜ್ಜಿಗೆ, ಒಬ್ಬ ಮೊಮ್ಮಗನ ಕೈಗೆ ಮಾತ್ರ ದಿನವಿಡೀ ಮೊಬೈಲು ಕೊಡುವುದು ಅನ್ಯಾಯವಾಗಿ ಕಾಣುತ್ತದೆ. ಭಯ ನಿರಾಧಾರವೇನಲ್ಲ, ಯೂಟ್ಯೂಬ್ ಕಂಡ ಮಗು ಮಾತಿನ ಚಿತ್ರಗಳನ್ನು ಬದಿಗೊತ್ತುವುದು ಸಹಜ. ಇದಕ್ಕೆ ಸಣ್ಣ ಉಪಾಯ ಯಂತ್ರದಲ್ಲೇ ಇದೆ. ಐಪ್ಯಾಡಿನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಎಂಬ ಏರ್ಪಾಡಿನಿಂದ ಒಂದೇ ಕಾರ್ಯಕ್ರಮ ತೆರೆದಿರುವಂತೆ ಬೀಗ ಹಾಕಬಹುದು. ಯಾವ ಅಂಗಡಿಯವನೂ ಇದನ್ನು ಹೇಳಿಕೊಡುವುದಿಲ್ಲ. ತಪ್ಪು ಮಾಡಿದ್ದಕ್ಕೆ ಶಿಕ್ಷೆಯೆಂದು ಆ ಯಂತ್ರವನ್ನು ಕಸಿದುಕೊಳ್ಳುವುದು ಮಾತ್ರ ಸಲ್ಲದು. ಬೈಗುಳ ಆಡಿದ ಹುಡುಗನ ಬಾಯಿಗೆ ಸಂಜೆಯವರೆಗೆ ಬಟ್ಟೆ ಕಟ್ಟಿದ ಹಾಗಾಗುತ್ತದೆ.

ಇದಕ್ಕಿಂತ ದೊಡ್ಡ ಭಯ, ಯಂತ್ರ ಮಾತಾಡಿದರೆ ಮಗು ಮಾತು ಕಲಿಯುವುದೇ ಇಲ್ಲ ಎಂಬುದು. ಓದಿದ ತಾಯ್ತಂದೆಯರೂ ಈ ಕಾರಣದಿಂದ ವರ್ಷಗಟ್ಟಲೆ ಕಾಯುತ್ತಾರೆ. ಅಮೆರಿಕದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಸೋಸಿ 2006ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ನಂಬಬಹುದಾದ ಪುರಾವೆಯಿದ್ದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಬಹುಪಾಲು ಜನರಲ್ಲಿ ಸ್ವಲ್ಪ ಹೆಚ್ಚಿತ್ತು. ಸ್ವಲ್ಪ ಎಂಬುದನ್ನು ಒತ್ತಿ ಹೇಳಬೇಕು; ಇದು ಮಾತು ಬರಿಸುವ ಔಷಧವಲ್ಲ.

ವಿಜ್ಞಾನದ ಎಚ್ಚರ ಇನ್ನೊಂದು ಕಡೆಯೂ ಬೇಕು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ, ಮಾತಾಡದ ಮಕ್ಕಳ ಕೈಯನ್ನು ದೊಡ್ಡವರು ಹಿಡಿದು ಅಕ್ಷರಗಳನ್ನು ಒತ್ತಿಸುವ ವಿಧಾನ ಹಬ್ಬಿತು. ಪುಟಗಟ್ಟಲೆ ಸುಂದರ ಬರಹ ಹೊರಬಂತು. ತಾಯಂದಿರು ಆನಂದದಿಂದ ಅತ್ತರು. ಮಗುವಿಗೊಂದು ಚಿತ್ರ, ಕೈ ಹಿಡಿದವರಿಗೆ ಬೇರೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ ಬಂದ ಉತ್ತರ ಕೈ ಹಿಡಿದವರು ಕಂಡ ಚಿತ್ರದ್ದು! ಅವರು ಮೋಸಗಾರರಲ್ಲ; ತಮಗೆ ಅರಿವಿಲ್ಲದೆ ತಾವೇ ಬರೆಯುತ್ತಿದ್ದರು. ಆದ್ದರಿಂದ ಯಂತ್ರ ಯಾವುದೇ ಇರಲಿ, ಒತ್ತುವ ಬೆರಳು ಮಗುವಿನದೇ ಆಗಿರಬೇಕು, ಪಕ್ಕದವರ ಕೈ ದೂರವಿರಬೇಕು. ಒಂದೇ ಪದ ಬಂದರೂ ಅದು ಅದರದು.

ಸಂಜೆ ಮರೀನಾಕ್ಕೆ ಹೋಗುವವರು ಕಾಮರಾಜರ್ ರಸ್ತೆಯಲ್ಲಿರುವ ಮ್ಯೂಸಿಯಂ ಆಫ್ ಪಾಸಿಬಿಲಿಟೀಸ್ ನೋಡಬಹುದು. ತಮಿಳುನಾಡು ಸರ್ಕಾರ ವಿದ್ಯಾಸಾಗರದ ಸಹಯೋಗದಲ್ಲಿ 2022ರಲ್ಲಿ ತೆರೆದ ಈ ಜಾಗದಲ್ಲಿ ವಸ್ತುಗಳು ಗಾಜಿನ ಹಿಂದಿಲ್ಲ. ನೆರವಿನ ಸಾಧನಗಳನ್ನು ಮುಟ್ಟಬಹುದು, ಕೂತು ನೋಡಬಹುದು, ಒತ್ತಿ ನೋಡಬಹುದು. ಕೊಳ್ಳುವ ಮುನ್ನ ಮಗುವಿನ ಬೆರಳಿಗೆ ಯಾವುದು ಒಗ್ಗುತ್ತದೆಂದು ತಿಳಿಯುವ ಇಂಥ ಜಾಗ ಪ್ರತಿ ಜಿಲ್ಲೆಗೂ ಬೇಕು. ಸೀರೆ ಕೊಳ್ಳುವಾಗ ಹತ್ತು ಮಡಿಕೆ ಬಿಚ್ಚಿಸಿ ನೋಡುವ ನಾವು ಮಾತನ್ನು ಮಾತ್ರ ಜಾಹೀರಾತು ನೋಡಿ ಕೊಳ್ಳಬೇಕಾಗಿದೆ.

ಕರ್ನಾಟಕದವರು ಇದಕ್ಕಾಗಿ ಚೆನ್ನೈವರೆಗೆ ಹೋಗಲೇಬೇಕೆಂದಿಲ್ಲ. ಕಾವೇರಿ ಎಕ್ಸ್‌ಪ್ರೆಸ್ ಹೊರಟ ಊರಿನಲ್ಲೇ, ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು. ಆಟಿಸಂ ಇರುವ ಮಕ್ಕಳ ಪರೀಕ್ಷೆಗೂ, ಚಿತ್ರಫಲಕ ಮತ್ತು ಯಂತ್ರಗಳ ಮೂಲಕ ಮಾತು ಕಲಿಸುವುದಕ್ಕೂ ಅಲ್ಲಿ ವಿಭಾಗಗಳಿವೆ. ಮಕ್ಕಳ ಜೊತೆ ತಾಯಂದಿರಿಗೂ ಪಾಠ. ಪಾಠದ ಬಹುಭಾಗ ಯಂತ್ರದ್ದಲ್ಲ, ಕಾಯುವುದರದು. ದೊಡ್ಡವರು ತಾವೂ ಚಿತ್ರ ಮುಟ್ಟುತ್ತ ಮಾತಾಡಬೇಕು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಹತ್ತು ಎಣಿಸಬೇಕು. ಗಡಿಬಿಡಿಯ ಮನೆಯಲ್ಲಿ ಹತ್ತು ಸೆಕೆಂಡು ಎಷ್ಟು ದೀರ್ಘ ಎಂಬುದನ್ನು ಗಡಿಯಾರ ಹಿಡಿದು ನೋಡಬಹುದು. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಮಗು ತಾನಾಗಿ ಒಂದು ಚಿತ್ರ ಒತ್ತೀತು.

ಒಂದೇ ಫೋನಿನ ಮನೆಗಳಿಗೆ, ಕರೆಂಟು ಹೋಗುವ ಊರುಗಳಿಗೆ ತಜ್ಞರು ಹಳೆಯ ರಟ್ಟನ್ನೇ ಮತ್ತೆ ನೆನಪಿಸುತ್ತಾರೆ. ಫೋನಿನ ಪರದೆಯಲ್ಲಿರುವ ಅದೇ ಚಿತ್ರಗಳು, ಅದೇ ಜಾಗಗಳಲ್ಲಿ, ಒಂದು ಹಾಳೆಯ ಮೇಲೆ. ಮೇಲೊಂದು ಪ್ಲಾಸ್ಟಿಕ್ ಲೇಪ. ಖರ್ಚು ಒಂದು ಕಾಫಿಯದು. ಮಳೆಗೆ ನೆನೆಯದು, ಚಾರ್ಜು ಮುಗಿಯದು, ಅಪ್ಪನ ಜೊತೆ ಹೊರಟುಹೋಗದು. ಚಿತ್ರಗಳ ಜಾಗ ಮಾತ್ರ ಬದಲಾಗಬಾರದು. ನಾವು ಕತ್ತಲಲ್ಲಿ ಸ್ವಿಚ್ಚು ಹುಡುಕುವಂತೆ ಅವರ ಬೆರಳು ಜಾಗವನ್ನು ನೆನಪಿಟ್ಟಿರುತ್ತದೆ.

ಇಂಥ ಹಾಳೆ ಮಾಡುವಾಗ ದೊಡ್ಡವರು ಮೊದಲು ಬರೆಯುವುದು ಅನ್ನ, ನೀರು, ಶೌಚ, ಮಲಗು. ಮೊದಲ ಸಾಲಿನಲ್ಲೇ ಇರಬೇಕಾದ ಬೇರೆ ಪದಗಳಿವೆ: ನೋವು, ಸಾಕು, ಇನ್ನೊಮ್ಮೆ, ಬೇಡ. ‘ಬೇಡ’ವನ್ನು ಸೇರಿಸಲು ಅನೇಕರು ಹಿಂಜರಿಯುತ್ತಾರೆ. ಸೇರಿಸಿದ ಮೊದಲ ವಾರ ಮಗು ಅದನ್ನು ದಿನಕ್ಕೆ ಐವತ್ತು ಸಲ ಒತ್ತಬಹುದು: ಸ್ನಾನ ಬೇಡ, ಉಪ್ಪಿಟ್ಟು ಬೇಡ, ಶಾಲೆ ಬೇಡ, ಮಾವ ಬೇಡ. ಮಾತು ಬಂದ ಎರಡು ವರ್ಷದ ಯಾವ ಮಗುವೂ ಅದನ್ನೇ ಮಾಡುತ್ತದೆ.